ಪಶ್ಚಿಮದ ಗೋಡೆಯ ನಡಾವಳಿ

ಗುಹಾದೇವಾಲಯಗಳಿಗೆ ಹೆಸರಾದ ವೇರೂಳಿನ ಸಮೀಪದ ಒಂದು ಊರಿನಲ್ಲಿ ನಮ್ಮ ಕಚೇರಿ ಕಟ್ಟಿದ ಬಾಲವಾಡಿಯ ಪಶ್ಚಿಮದ ಗೋಡೆಯಲ್ಲಿ ಇನ್ನೂರ ಹದಿನಾರು ಕಿಂಡಿಗಳಿದ್ದವು. ಸಂಖ್ಯೆ ನನಗೆ ಖಚಿತವಾಗಿ ಗೊತ್ತು. ಕಂಪ್ಯೂಟರಿನಲ್ಲಿ ಒಂದು ಕಿಂಡಿಯನ್ನು ಬರೆದು, ಅದನ್ನು ಇನ್ನೂರ ಹದಿನೈದು ಸಲ ನಕಲು ಮಾಡಿದವಳು ನಾನೇ. ಆ ಕೆಲಸಕ್ಕೆ ಹೆಚ್ಚೆಂದರೆ ಎರಡು ನಿಮಿಷ ಹಿಡಿಯಿತು. ಅವುಗಳನ್ನು ಮುಚ್ಚಲು ಹೆಚ್ಚು ಕಾಲ ಬೇಕಾಯಿತು.

ಕಚೇರಿ ಇರುವುದು ನಾಸಿಕದಲ್ಲಿ. ಅದರ ಮುಖ್ಯಸ್ಥರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ದ್ರಾಕ್ಷಿ ತೋಟಗಳ ನಡುವೆ ಶ್ರೀಮಂತರಿಗೆ ವಾರಾಂತ್ಯದ ಮನೆಗಳನ್ನು ಕಟ್ಟಿ ಹೆಸರಾದವರು. ತ್ರ್ಯಂಬಕೇಶ್ವರದ ದಾರಿಯಲ್ಲಿ ಅವರು ಕಟ್ಟಿದ ಒಂದು ಅತಿಥಿಗೃಹಕ್ಕೆ ಮಣ್ಣಿನ ಇಟ್ಟಿಗೆಯ ಜಾಲಂಧ್ರದ ಗೋಡೆಯಿದೆ. ಬೆಟ್ಟದಿಂದ ಇಳಿಯುವ ಹಸಿ ಗಾಳಿ ಅದರ ಕಿಂಡಿಗಳಲ್ಲಿ ಹಾಯ್ದು ಒಳಗೆ ಬರುತ್ತದೆ. ಅಲ್ಲಿ ಕುಳಿತು ಚಹಾ ಕುಡಿದವರು ಆ ಗೋಡೆಯನ್ನು ಮರೆಯುವುದಿಲ್ಲ. ಸರ್ ಕೂಡ ಮರೆಯಲಿಲ್ಲ. ‘ಗೋಡೆ ಉಸಿರಾಡಬೇಕು’ ಎಂಬುದು ಅವರ ಉಪನ್ಯಾಸಗಳ ಮೊದಲ ವಾಕ್ಯವಾಯಿತು. ತ್ರ್ಯಂಬಕದಲ್ಲಿ ಮಳೆಗಾಲ ಹಿಡಿದರೆ ಕೊಡೆ ಒಣಗುವುದಿಲ್ಲ. ನಾನು ಹೇಳುತ್ತಿರುವ ಊರು ಮಳೆಯ ನೆರಳಿನಲ್ಲಿದೆ, ಬೇಸಿಗೆಯಲ್ಲಿ ಅಲ್ಲಿ ಒಗೆದ ಬಟ್ಟೆ ಹಿಂಡಿ ಹರವುವಷ್ಟರಲ್ಲಿ ಅರ್ಧ ಒಣಗಿರುತ್ತದೆ. ಎರಡೂ ಒಂದೇ ರಾಜ್ಯದಲ್ಲಿವೆ ಎಂಬುದನ್ನು ಬಿಟ್ಟರೆ, ಅಲ್ಲಿನ ಗೋಡೆಯನ್ನು ಇಲ್ಲಿಗೆ ತರಲು ಬೇರೆ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಆ ಕೆಲಸಕ್ಕೆ ನನ್ನನ್ನು ಹಾಕಿದ್ದಕ್ಕೆ ಮಾತ್ರ ಸ್ಪಷ್ಟವಾದ ಕಾರಣವಿತ್ತು. ನಮ್ಮದು ವಿಜಯಪುರ ಜಿಲ್ಲೆ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ನಾಸಿಕಕ್ಕೆ ವರ್ಗವಾದಾಗ ನನಗೆ ಐದು ವರ್ಷ. ನಾನು ಬೆಳಗಾವಿಯಲ್ಲಿ ವಾಸ್ತುಶಿಲ್ಪ ಓದಿ ನಾಸಿಕಕ್ಕೆ ಕೆಲಸಕ್ಕೆ ಮರಳುವಷ್ಟರಲ್ಲಿ ಅವರಿಗೆ ವೇರೂಳಿಗೆ ಹತ್ತಿರದ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿತ್ತು. ಮರಾಠಿ ಬಲ್ಲವಳು, ಮೇಲಾಗಿ ಊಟ ವಸತಿಗೆ ಅಲ್ಲಿ ತಂದೆತಾಯಿಯ ಮನೆಯಿರುವವಳು. ಕಚೇರಿಯ ಕಡತದಲ್ಲಿ ಇದಕ್ಕೆ ‘ಸ್ಥಳೀಯ ಸಂಪರ್ಕ’ ಎಂದು ಹೆಸರು.

ಬಾಲವಾಡಿಯನ್ನು ನಡೆಸುತ್ತಿದ್ದುದು ಊರಿನ ಹೆಂಗಸರೇ. ತಾಯಂದಿರು ಈರುಳ್ಳಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು, ಕೆಲವರು ಗುಹೆಗಳ ಹತ್ತಿರ ಸೌತೆಕಾಯಿ, ಪೇರಲ ಮಾರುತ್ತಿದ್ದರು. ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಊರೆಲ್ಲ ಅವರನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಮಾವಶಿಯ ಹಳೆಯ ಮಣ್ಣಿನ ಮನೆಯಲ್ಲೇ ಮಕ್ಕಳು ಕೂಡುತ್ತಿದ್ದರು. ಮೊಳದಷ್ಟು ದಪ್ಪದ ಬಿಳಿ ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಸಿದ ಚಪ್ಪಟೆ ಛಾವಣಿ, ನಡುವೆ ಒಂದು ಬೆಳಕಿಂಡಿ. ನಮ್ಮ ಕಡೆ ಮಾಳಿಗೆ ಮನೆ ಎನ್ನುತ್ತೇವಲ್ಲ, ಅದೇ. ಒಂದು ಮಳೆಗಾಲದಲ್ಲಿ ಅದರ ಮೂಲೆ ಕುಸಿಯಿತು. ಒಂದು ಸಂಸ್ಥೆಯ ದಾನಿಗಳು ಹೊಸದನ್ನು ಕಟ್ಟಿಸಿಕೊಡಲು ಮುಂದೆ ಬಂದರು. ಮಾವಶಿ ಜಾಗ ಬಿಟ್ಟುಕೊಟ್ಟರು. ಹಳೆಯ ಮನೆಯನ್ನು ಕೆಡವಿ, ಅದರ ಗೋಡೆಯ ಮಣ್ಣನ್ನೇ ಸಾಣಿಸಿ, ಒತ್ತಿ, ಹೊಸ ಇಟ್ಟಿಗೆ ಮಾಡುವುದೆಂದು ಸರ್ ನಿರ್ಧರಿಸಿದರು. ಇದು ನಿಜಕ್ಕೂ ಒಳ್ಳೆಯ ನಿರ್ಧಾರ. ಆದರೆ ತಣ್ಣಗಿದ್ದ ಒಂದು ಗೋಡೆಯನ್ನು ಪುಡಿ ಮಾಡಿ, ಅದೇ ಮಣ್ಣಿನಿಂದ ಬಿಸಿಯಾಗುವ ಗೋಡೆ ಕಟ್ಟುವುದು ಸಾಧ್ಯ ಎಂಬುದನ್ನು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಕೆಡವುವ ಮೊದಲು ಸಭೆ ನಡೆಯಿತು. ಸಮುದಾಯವನ್ನು ಕೇಳದೆ ನಾವು ಏನನ್ನೂ ಕಟ್ಟುವುದಿಲ್ಲ ಎಂದು ಕಚೇರಿಯ ಕರಪತ್ರದಲ್ಲಿಯೇ ಇತ್ತು. ಜನವರಿಯ ಒಂದು ಬೆಳಿಗ್ಗೆ ಅದೇ ಮಣ್ಣಿನ ಮನೆಯಲ್ಲಿ ಹದಿನೈದು ಹೆಂಗಸರು ಶಾಲು ಹೊದ್ದು ಕುಳಿತರು. ಸರ್ ರಟ್ಟಿನ ಮಾದರಿ ತೋರಿಸಿ, ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ಬೆರಳಾಡಿಸಿ ವಿವರಿಸಿದರು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಏನಾದರೂ ಸಲಹೆ ಇದೆಯೇ ಎಂದು ಮೂರು ಸಲ ಕೇಳಿದೆವು. ಒಬ್ಬರು ಛಾನ್, ಚೆಂದವಿದೆ, ಎಂದರು. ಉಳಿದವರೂ ಛಾನ್ ಎಂದರು. ಚಹಾ ಬಂತು, ಅವಲಕ್ಕಿಯ ಪೋಹೆ ಬಂತು. ನಾನು ನೋಟುಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

ಹೊರಡುವಾಗ ಮಾವಶಿ ನನ್ನನ್ನು ಹೊಸ್ತಿಲ ಬಳಿ ನಿಲ್ಲಿಸಿಕೊಂಡು ಅರಿಶಿನ ಕುಂಕುಮ ಹಚ್ಚಿದರು. ಅವರು ಮಾತಾಡುವುದು ಮರಾಠಿ. ನನ್ನ ಕಿವಿಗೆ ಅದು ನಮ್ಮ ಮನೆಯ ಕನ್ನಡವಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತಿದ್ದೇನೆ.

“ಪೋರಿ, ಹೊತ್ತು ಮುಳುಗೋ ಕಡೆ ಗೋಡಿಗೆ ತೂತು ಬ್ಯಾಡ,” ಎಂದರು. “ಬ್ಯಾಸಗ್ಯಾಗ ಆ ಕಡಿಂದ ಝಳಾ ಬರ್ತದ. ಕೂಸುಗೋಳು ಮಲಗೋದಿಲ್ಲ.”

ಒಳಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮನೆಗೆ ಬಂದವರ ಎದುರಿಗೆ, ಅವರು ಇನ್ನೂ ಚಹಾ ಕುಡಿಯುತ್ತಿರುವಾಗ, ನಿಮ್ಮದು ಸರಿಯಿಲ್ಲ ಎಂದು ಹೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದರು.

ಇದು ನನಗೆ ಹೊಸ ವಿಷಯವೇನಲ್ಲ. ನಮ್ಮ ಅವ್ವನೂ ಹಾಗೆಯೇ. ಯಾರ ಮನೆಗೆ ಹೋದರೂ ಒಂದು ತಾಸು ಒಳಗೆ ಕುಳಿತು ಹವೆ, ಹಪ್ಪಳ, ಮಕ್ಕಳ ಓದಿನ ಬಗ್ಗೆ ಮಾತಾಡಿ, ಬರ್ತೀವ್ರಿ ಎಂದು ಎದ್ದ ಮೇಲೆ ಬಾಗಿಲಲ್ಲಿ ನಿಂತು ಆಡುವ ಮಾತೇ ಅವಳು ಬಂದ ಕಾರಣ. ನಾನು ಹುಟ್ಟಿದಾಗಿನಿಂದ ಅವಳ ಸೆರಗು ಹಿಡಿದುಕೊಂಡು ಆ ಎರಡನೆಯ ಸಭೆ ಮುಗಿಯಲೆಂದು ಕಾದವಳು. ಸರ್‌ಗೆ ಇದು ಗೊತ್ತಿರಲಿಲ್ಲ ಎನ್ನಬಹುದು. ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಟುಪುಸ್ತಕ ಮುಚ್ಚಿದ್ದು ನಾನು.

ಕಾರಿನಲ್ಲಿ ಸರ್‌ಗೆ ಹೇಳಿದೆ.

“ಇದು ಸಭೆಯಲ್ಲಿ ಬಂತಾ?” ಎಂದರು.

“ಇಲ್ಲ ಸರ್, ಬಾಗಿಲಲ್ಲಿ.”

“ಹಾಗಾದರೆ ಅದು ಅಭಿಪ್ರಾಯ ಅಲ್ಲ, ಮಾತುಕತೆ,” ಎಂದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಗಾಳಿಯಿಲ್ಲದ ಕೋಣೆಯಲ್ಲಿ ಬದುಕಿದವರಿಗೆ ಗಾಳಿಯ ಭಯ ಸಹಜ ಎಂದೂ ಸೇರಿಸಿದರು. ಮರುದಿನ ನಾನು ಸಭೆಯ ನಡಾವಳಿಯನ್ನು ಬೆರಳಚ್ಚು ಮಾಡಿದೆ. ‘ಗ್ರಾಮದ ಮಹಿಳೆಯರು ವಿನ್ಯಾಸವನ್ನು ಒಮ್ಮತದಿಂದ ಸ್ವಾಗತಿಸಿದರು.’ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಕಟ್ಟಡ ಡಿಸೆಂಬರಿನಲ್ಲಿ ಮುಗಿಯಿತು. ನೋಡಲು ಚೆಂದವಾಗಿತ್ತು, ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಸಂಜೆಯ ಬಿಸಿಲು ಇನ್ನೂರ ಹದಿನಾರು ಕಿಂಡಿಗಳಿಂದ ಇಳಿದು ನೆಲದ ಮೇಲೆ ರಂಗೋಲಿಯ ಚುಕ್ಕಿಗಳಂತೆ ಬೀಳುತ್ತಿತ್ತು. ಛಾಯಾಗ್ರಾಹಕರು ಬಂದರು. ಬಾಗಿಲ ಪಕ್ಕದಲ್ಲಿ ಕಲ್ಲಿನ ಫಲಕ ಕೂಡಿಸಿದೆವು: ದಾನಿಗಳ ಹೆಸರು, ಕಚೇರಿಯ ಹೆಸರು, ಸರ್ ಹೆಸರು. ಹಸ್ತಾಂತರದ ಪತ್ರದಲ್ಲಿ, ಸ್ಥಳದ ಮೇಲ್ವಿಚಾರಕರ ಲಿಖಿತ ಅನುಮತಿಯಿಲ್ಲದೆ ಕಟ್ಟಡದಲ್ಲಿ ಯಾವ ಬದಲಾವಣೆಯನ್ನೂ ಮಾಡಬಾರದು ಎಂಬ ಒಂದು ಷರತ್ತಿತ್ತು. ಮೇಲ್ವಿಚಾರಕಿ ನಾನು. ಆ ಸಾಲನ್ನು ಟೈಪ್ ಮಾಡಿದವಳೂ ನಾನು.

ಏಪ್ರಿಲ್‌ನಲ್ಲಿ ಸರ್ ನನ್ನನ್ನು ಕರೆದು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಬಾಲವಾಡಿಯನ್ನು ನೋಡಲು ಹೋದ ವಿದ್ಯಾರ್ಥಿಯೊಬ್ಬ ಕಳಿಸಿದ್ದು. ಪಶ್ಚಿಮದ ಗೋಡೆಯ ತುಂಬ ಗೋಣಿಚೀಲಗಳು, ಹಳೆಯ ಸೀರೆಗಳು ತೂಗಾಡುತ್ತಿದ್ದವು. ಒಂದು ಗೋಣಿಯ ಮೇಲೆ ರಸಗೊಬ್ಬರದ ಜಾಹೀರಾತಿತ್ತು. ಆ ತಿಂಗಳು ಒಂದು ಪತ್ರಿಕೆಯವರು ಚಿತ್ರ ತೆಗೆಯಲು ಬರುವವರಿದ್ದರು. ಅಷ್ಟರೊಳಗೆ ಅದನ್ನೆಲ್ಲ ತೆಗೆಸಿ ಬಾ, ಬಳಸುವವರಿಗೆ ಕಟ್ಟಡವನ್ನು ಬಳಸುವುದು ಹೇಗೆಂದು ತಿಳಿಹೇಳಬೇಕು, ಎಂದರು.

ಸಂಭಾಜಿನಗರದಿಂದ ಹೊರಟಾಗ ಅವ್ವನೂ ಜೊತೆಗೆ ಬಂದಳು. ಅಂದು ಸೋಮವಾರ, ಅವಳಿಗೆ ವೇರೂಳಿನ ದೇವರ ದರ್ಶನವಾಗಬೇಕಿತ್ತು. ದರ್ಶನ ಮುಗಿಸಿ ಬಾಲವಾಡಿ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ನನ್ನ ಕಟ್ಟಡದಲ್ಲಿ ನಾನು ಆ ಹೊತ್ತಿನಲ್ಲಿ, ಆ ತಿಂಗಳಲ್ಲಿ, ಕಾಲಿಟ್ಟದ್ದು ಅದೇ ಮೊದಲು. ಗೋಣಿಗಳ ಸಂದಿನಿಂದ ಬರುತ್ತಿದ್ದ ಗಾಳಿ ಮುಖಕ್ಕೆ ಬಡಿದಾಗ ಕಣ್ಣು ಮುಚ್ಚಬೇಕಾಯಿತು. ನೆಲದ ಮೇಲೆ ಸಣ್ಣ ಧೂಳು ಕುಳಿತಿತ್ತು. ಮಕ್ಕಳಿದ್ದದ್ದು ಹದಿನೆಂಟು, ಯಾರೂ ಮಲಗಿರಲಿಲ್ಲ. ಪೂರ್ವದ ಗೋಡೆಗೆ ಒತ್ತಿಕೊಂಡು, ಒದ್ದೆ ಬಟ್ಟೆ ತಲೆಗೆ ಕಟ್ಟಿಸಿಕೊಂಡು, ಅಳುವ ಶಕ್ತಿಯೂ ಇಲ್ಲದೆ ಕುಳಿತಿದ್ದರು. ಮಾವಶಿ ಗೋಣಿಗಳಿಗೆ ನೀರು ಚಿಮುಕಿಸುತ್ತಿದ್ದರು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುವಷ್ಟರಲ್ಲಿ ಮೊದಲನೆಯದು ಒಣಗಿರುತ್ತಿತ್ತು. ನೀರನ್ನು ಅವರು ಅರ್ಧ ಮೈಲಿ ಹೊತ್ತು ತಂದಿದ್ದರು.

ಅವರು ನನ್ನನ್ನು ಬೈಯಲಿಲ್ಲ, ವಿಷಯ ತಿಳಿಸಿದರು. ಹಿಂದಿನ ವಾರ ಎರಡು ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂದಿತ್ತು. ಮುಂದಿನ ಸೋಮವಾರದಿಂದ ಬಾಲವಾಡಿಯನ್ನು ಹನ್ನೊಂದಕ್ಕೇ ಮುಚ್ಚಬೇಕೆಂದು ಹೆಂಗಸರೆಲ್ಲ ಸೇರಿ ಗೊತ್ತುಮಾಡಿದ್ದರು. ಆಮೇಲೆ ಮಕ್ಕಳು ತಾಯಂದಿರ ಜೊತೆ ಹೊಲದಲ್ಲಿರಬೇಕು, ಇಲ್ಲವೆಂದರೆ ತಾಯಂದಿರು ಮಕ್ಕಳ ಜೊತೆ ಮನೆಯಲ್ಲಿರಬೇಕು. ಹಳೆಯ ಮನೆಗೆ ಮರಳುವಂತಿರಲಿಲ್ಲ. ಅದನ್ನು ನಾವು ಇಟ್ಟಿಗೆ ಮಾಡಿದ್ದೆವು.

ಅವ್ವ ಆ ಗೋಡೆಯನ್ನು ಬಹಳ ಹೊತ್ತು ನೋಡಿದಳು.

“ಇದೇನಬೇ, ನೀ ಕಟ್ಟಿದ್ದು? ಗೋಡಿ ಅಲ್ಲ ಇದು, ಸಾಣಿಗಿ.”

ಗಾಳಿ ಆಡಬೇಕಲ್ಲವ್ವ ಎಂದೆ.

“ಎಂಥಾ ಗಾಳಿ? ಒಲಿ ಮುಂದ ಕುಂತ್ರ ಬರೋದೂ ಗಾಳಿನ. ಹಗಲಾಗ ಕದಾ ಹಾಕಬೇಕು, ಹೊತ್ತು ಮುಳುಗಿದ ಮ್ಯಾಲ ತಗೀಬೇಕು. ನಮ್ಮವ್ವ ಸಾಲಿ ಮೆಟ್ಟಲಾ ಹತ್ತಿರಲಿಲ್ಲ, ಆಕಿಗಿ ಗೊತ್ತಿತ್ತು. ನಿನಗ ಐದು ವರ್ಷ ಏನ್ ಕಲಿಸಿದ್ರು?”

ನನಗೆ ಐದು ವರ್ಷ ಕಲಿಸಿದ್ದರಲ್ಲಿ ಇದೂ ಇತ್ತು. ಒಣ ಸೀಮೆಯಲ್ಲಿ ದಪ್ಪ ಗೋಡೆ, ಸಣ್ಣ ಕಿಂಡಿ, ಹಗಲು ಮುಚ್ಚುವುದು, ರಾತ್ರಿ ತೆರೆಯುವುದು. ಎರಡನೆಯ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅಜ್ಞಾನವಾಗಿದ್ದರೆ ಕ್ಷಮೆಗೆ ದಾರಿಯಿರುತ್ತಿತ್ತು. ಮಾವಶಿ ಹೇಳಿದ್ದೇ ಸರಿ ಎನ್ನುವ ಧೈರ್ಯ ಕಾರಿನೊಳಗೆ ನನಗಿರಲಿಲ್ಲ, ಕೇಳುವ ವ್ಯವಧಾನ ಮುಂದಿನ ಸೀಟಿನಲ್ಲಿದ್ದವರಿಗಿರಲಿಲ್ಲ. ಅದರ ಫಲವಾಗಿ ಹದಿನೆಂಟು ಮಕ್ಕಳು ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರು.

ಅವ್ವ ಮತ್ತು ಮಾವಶಿ ಆ ಹೊತ್ತಿಗಾಗಲೇ ಹಿತ್ತಲಿಗೆ ಹೋಗಿದ್ದರು. ಇಟ್ಟಿಗೆ ಮಾಡಿ ಉಳಿದ ಬಿಳಿ ಮಣ್ಣಿನ ಗುಡ್ಡೆ ಅಲ್ಲಿಯೇ ಬಿದ್ದಿತ್ತು. ಕಿಂಡಿಗಳಿಗೆ ತುಂಬುವ ಮಣ್ಣಿಗೆ ಹೊಟ್ಟು ಎಷ್ಟು ಬೆರೆಸಬೇಕು, ಎಷ್ಟು ದಿನ ಕೊಳೆಸಬೇಕು ಎಂಬುದರ ಮೇಲೆ ಇಬ್ಬರಿಗೂ ಭಿನ್ನಾಭಿಪ್ರಾಯವಾಯಿತು. ಅವ್ವ ಎಂಟು ದಿನ ಎಂದಳು. ಮಾವಶಿ ಮೂರು ದಿನ ಸಾಕು ಎಂದರು, ಮಕ್ಕಳಿಗೆ ಎಂಟು ದಿನ ಇಲ್ಲ. ಮೇಲಿನ ಒಂದು ಸಾಲು ಕಿಂಡಿ ಬಿಟ್ಟು, ಅದಕ್ಕೆ ಹಲಗೆ ಕೂಡಿಸಿ, ಸಂಜೆ ಹೊರಡುವಾಗ ತೆರೆದಿಟ್ಟು ಬೆಳಿಗ್ಗೆ ಮುಚ್ಚುವುದೆಂದು ಇಬ್ಬರೂ ಒಪ್ಪಿದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಮುಚ್ಚಿದರೆ ಕಚೇರಿಯವರು ಬಂದು ಒಡೆಯುತ್ತಾರೇನು, ಎಂದರು ಮಾವಶಿ. ಆ ಷರತ್ತು ಅವರಿಗೆ ಬಾಯಿಪಾಠವಾಗಿತ್ತು. ಗೋಣಿಚೀಲ ಕಟ್ಟಿದ್ದೂ ಅದಕ್ಕೇ; ಗೋಣಿ ಬದಲಾವಣೆಯಲ್ಲ.

ಬಾಲವಾಡಿಯ ಹಾಜರಿ ಪುಸ್ತಕದಿಂದ ಒಂದು ಹಾಳೆ ತೆಗೆದುಕೊಂಡು ಬರೆದೆ: ‘ಪಶ್ಚಿಮದ ಗೋಡೆಯ ಕಿಂಡಿಗಳನ್ನು ಮುಚ್ಚಲು ಅನುಮತಿ ನೀಡಲಾಗಿದೆ. ಕಾರಣ: ವಿನ್ಯಾಸದ ತಪ್ಪು.’ ಸಹಿ ಹಾಕಿದೆ. ಒಂದು ಪ್ರತಿಯನ್ನು ಕಚೇರಿಗೆ ಕಳಿಸಿದೆ.

ಸರ್ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ನಾಸಿಕದಲ್ಲಿ ನನ್ನನ್ನು ಕೂಡಿಸಿಕೊಂಡು, ಮುಚ್ಚಿದ್ದಕ್ಕೆ ತಮ್ಮ ಆಕ್ಷೇಪವಿಲ್ಲವೆಂದರು. ಹಳೆಯ ಚಿತ್ರಗಳಿದ್ದವು, ಪತ್ರಿಕೆಗೆ ಅವೇ ಸಾಕಾದವು. ಆಕ್ಷೇಪವಿದ್ದದ್ದು ಪತ್ರದ ಕೊನೆಯ ಎರಡು ಶಬ್ದಗಳಿಗೆ. ‘ಬಳಕೆದಾರರ ಆದ್ಯತೆ’ ಎಂದು ತಿದ್ದಿಕೊಡು ಎಂದರು. ಏನು ವ್ಯತ್ಯಾಸ ಎಂದು ಕೇಳಿದೆ. ಅವರು ಇನ್ನೊಂದು ಕಡತವನ್ನು ನನ್ನ ಕಡೆಗೆ ಸರಿಸಿದರು. ಸಂಭಾಜಿನಗರ ಜಿಲ್ಲೆಯದೇ ಒಣ ಸೀಮೆಯಾದ ವೈಜಾಪುರದ ಕಡೆಯ ಒಂದು ಊರಿಗೆ ಅದೇ ದಾನಿಗಳು ಅಂಥದೇ ಬಾಲವಾಡಿ ಕೇಳಿದ್ದರು. ಕಡತದೊಳಗೆ ನನ್ನದೇ ನಕ್ಷೆ, ಇನ್ನೂರ ಹದಿನಾರು ಕಿಂಡಿ, ಊರಿನ ಹೆಸರು ಮಾತ್ರ ಬೇರೆ.

ವ್ಯತ್ಯಾಸ ಅದೇ ಆಗಿತ್ತು. ಒಂದು ಊರಿನ ಹೆಂಗಸರ ಆದ್ಯತೆ ಇನ್ನೊಂದು ಊರಿಗೆ ಅನ್ವಯಿಸುವುದಿಲ್ಲ. ತಪ್ಪು ಅನ್ವಯಿಸುತ್ತದೆ.

ನಾನು ತಿದ್ದಿಕೊಡಲಿಲ್ಲ. ವೈಜಾಪುರದ ಕಡೆಯ ಊರಿನ ಸಭೆಗೆ ದಿನ ಗೊತ್ತಾದಾಗ, ಅನುಭವ ಹೇಳಲು ಮಾವಶಿಯನ್ನು ಕರೆದುಕೊಂಡು ಬರುತ್ತೇನೆ ಎಂದು ಸರ್‌ಗೆ ತಿಳಿಸಿದೆ. ಅವರು ಸಂತೋಷದಿಂದ ಒಪ್ಪಿದರು. ಫಲಾನುಭವಿಯೊಬ್ಬರು ವೇದಿಕೆಯಲ್ಲಿದ್ದರೆ ದಾನಿಗಳಿಗೂ ಮೆಚ್ಚುಗೆಯಾಗುತ್ತದೆ ಎಂದರು. ಮಾವಶಿ ಸುಲಭಕ್ಕೆ ಒಪ್ಪಲಿಲ್ಲ. ಸಾಹೇಬರ ಎದುರಿಗೆ ಹೇಗೆ ಹೇಳುವುದು ಎಂದರು. ಅಲ್ಲಿ ಮನೆ ನಿಮ್ಮದಲ್ಲ, ಚಹಾ ಕೊಡುವವರು ನೀವಲ್ಲ, ಅಲ್ಲಿಗೆ ನೀವೂ ಸಾಹೇಬರಷ್ಟೇ ನೆಂಟರು, ಎಂದೆ. ಹಾಗಾದರೆ ನನ್ನ ಮಾತಿಗೂ ಅಲ್ಲಿ ಯಾರೂ ಎದುರಾಡುವಂತಿಲ್ಲ ಎಂದರು ಅವರು. ಅಷ್ಟು ದೂರ ನಾನು ಯೋಚಿಸಿರಲಿಲ್ಲ.

ಸಭೆ ನಡೆದದ್ದು ಆ ಊರಿನ ಶಾಲೆಯ ವರಾಂಡದಲ್ಲಿ. ಈ ಸಲವೂ ರಟ್ಟಿನ ಮಾದರಿ, ಈ ಸಲವೂ ಬೆರಳು. ಸರ್ ಮಾವಶಿಯನ್ನು ಪರಿಚಯಿಸಿ, ಉಸಿರಾಡುವ ಗೋಡೆಯ ಬಗ್ಗೆ ಎರಡು ಮಾತು ಹೇಳಿ ಎಂದರು. ಮಾವಶಿ ಎದ್ದು ನಿಂತು ಸೆರಗು ಹೊದ್ದರು. ಮೊದಲ ವಾಕ್ಯವನ್ನು ಎರಡು ಸಲ ಆರಂಭಿಸಿದರು.

“ಗೋಡಿ ಉಸುರಾಡ್ತದ, ಖರೇನ. ಆದ್ರ ಜ್ವರ ಬಂದವರ ಉಸುರು ಅದು. ನಮ್ಮ ಕೂಸುಗಳ ಮೂಗಿನಾಗ ರಕ್ತ ಬಂತು. ಮಣ್ಣು ತುಂಬಿ ಮುಚ್ಚಿವಿ, ಈಗ ಮಲಗ್ತಾವ. ನೀವು ಮುಚ್ಚೇ ಕಟ್ಟಿಸಿಕೋರಿ.”

ಕುಳಿತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಣಂತಿಯೊಬ್ಬಳು, ಪಶ್ಚಿಮಕ್ಕೆ ಗೋಡೆಯಿಲ್ಲದಿದ್ದರೆ ತಾನು ಮಗುವನ್ನು ಕಳಿಸುವುದಿಲ್ಲ ಎಂದಳು. ಗೋಡೆ ಇದೆ ಎಂದರು ಸರ್. ಅವಳು ಮಾದರಿಯ ಕಿಂಡಿಯೊಳಗೆ ಕಿರುಬೆರಳು ತೂರಿಸಿ ಆಚೆ ಕಡೆ ಆಡಿಸಿ ತೋರಿಸಿದಳು. ಕೆಲವರು ನಕ್ಕರು. ಆಮೇಲೆ ಎಲ್ಲರೂ ಮಾತಾಡತೊಡಗಿದರು: ಬಾಗಿಲು ಎತ್ತ, ಬೇವಿನ ನೆರಳು ಎಷ್ಟು ಗಂಟೆಗೆ ಎಲ್ಲಿ ಬೀಳುತ್ತದೆ, ಛಾವಣಿಗೆ ತಗಡು ಬೇಡ. ನಾನು ಬರೆಯುತ್ತ ಹೋದೆ. ಚಹಾ ಬಂದು ಆರಿತು.

ಮುಗಿದ ಮೇಲೆ ನಡಾವಳಿಯನ್ನು ಅಲ್ಲಿಯೇ, ಎಲ್ಲರ ಎದುರಿಗೆ, ಗಟ್ಟಿಯಾಗಿ ಓದಿದೆ. ಮಾವಶಿ ಒಂದು ಕಡೆ ತಡೆದರು. ‘ಅಸ್ವಸ್ಥತೆ’ ಎಂದು ಬರೆದಿದ್ದೆ. ಮೂಗಿನ ರಕ್ತ ಎಂದೇ ಬರೆ ಎಂದರು. ಬರೆದೆ. ಹೆಂಗಸರು ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಕೊನೆಗೆ ಹಾಳೆಯನ್ನು ಸರ್ ಎದುರಿಗೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ವರಾಂಡದಲ್ಲಿ ಇಪ್ಪತ್ತು ಹೆಂಗಸರು ಅವರ ಪೆನ್ನನ್ನು ನೋಡುತ್ತಿದ್ದರು. ಸಹಿ ಹಾಕಿದರು. ಅವರ ಸಹಿ ಬಹಳ ಚೆಂದ.

ಹದಿನೈದು ದಿನಗಳ ನಂತರ, ನನಗೆ ಹೊಂದುವ ಕೆಲಸ ಸದ್ಯ ಕಚೇರಿಯಲ್ಲಿಲ್ಲ ಎಂಬ ಸೌಜನ್ಯದ ಪತ್ರ ಬಂತು. ಅಪ್ಪ ಅದನ್ನು ಓದಿ, ಕರಡು ಚೆನ್ನಾಗಿದೆ, ವಕೀಲರು ನೋಡಿರಬೇಕು ಎಂದರು. ನಾನು ಸಂಭಾಜಿನಗರಕ್ಕೆ ಬಂದು ಮನೆ ದುರಸ್ತಿಯ ಸಣ್ಣ ಕೆಲಸಗಳನ್ನು ಹಿಡಿದೆ. ಕಚೇರಿಯ ಜಾಲತಾಣದಲ್ಲಿ ವೇರೂಳಿನ ಬಾಲವಾಡಿ ಇವತ್ತಿಗೂ ಕಿಂಡಿಗಳ ಸಮೇತ ಇದೆ, ಹೆಸರು ‘ಉಸಿರಾಡುವ ಗೋಡೆ’. ಆ ಚಿತ್ರವನ್ನು ತೆಗೆಯಿರಿ, ಇಲ್ಲವೇ ಅದರ ಕೆಳಗೆ ಆಮೇಲೆ ಏನಾಯಿತೆಂದು ಬರೆಯಿರಿ ಎಂದು ಮೂರು ಪತ್ರ ಬರೆದಿದ್ದೇನೆ. ಕಟ್ಟಿದವರ ಹೆಸರನ್ನು ಕಲ್ಲಿನಲ್ಲಿ ಕೊರೆಯುವ ಪದ್ಧತಿ ಇರುವ ದೇಶದಲ್ಲಿ, ಕಟ್ಟುವಾಗ ಆದ ತಪ್ಪನ್ನು ಕಾಗದದ ಮೇಲಾದರೂ ಬರೆಯಬೇಕೆಂದು ಕೇಳುವುದು ಅತಿಯಲ್ಲ. ಆ ತಪ್ಪಿನಲ್ಲಿ ನನ್ನ ಹೆಸರನ್ನೂ ಸೇರಿಸಿ ಎಂದೇ ಬರೆದಿದ್ದೇನೆ. ಉತ್ತರ ಬಂದಿಲ್ಲ. ನಾಲ್ಕನೆಯ ಪತ್ರ ಸಿದ್ಧವಿದೆ.

ವೈಜಾಪುರದ ಕಡೆಯ ಬಾಲವಾಡಿ ಈ ವರ್ಷ ಮುಗಿಯಿತು. ಯಾರೂ ನನ್ನನ್ನು ಕರೆದಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಬಸ್ಸಿನಲ್ಲಿ ನಾನೇ ಹೋದೆ. ಪಶ್ಚಿಮಕ್ಕೆ ಇಡೀ ಗೋಡೆ, ನೆತ್ತಿಯಲ್ಲಿ ಮಾತ್ರ ಹಲಗೆಯ ಮುಚ್ಚಳದ ನಾಲ್ಕು ಕಿಂಡಿ. ಬಾಗಿಲು ತಳ್ಳಿ ನೋಡಿದಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದ ಮಕ್ಕಳು ಕಂಡರು. ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದ ಹೆಂಗಸಿಗೆ ನನ್ನ ಗುರುತಿರಲಿಲ್ಲ. ನಾನು ಯಾರು, ಯಾಕೆ ಬಂದೆ ಎಂದು ಹೇಳಲು ಬಾಯಿ ತೆರೆದೆ.

“ಒಳಗ ಬರೋದಿದ್ರ ಬಾ, ಇಲ್ಲಂದ್ರ ಹೋಗು,” ಎಂದಳು ಅವಳು, ತಲೆ ಎತ್ತದೆ. “ಕದಾ ತಗದು ನಿಲ್ಲಬ್ಯಾಡ.”

ಒಳಗೆ ಹೋಗಿ ಕದ ಹಾಕಿದೆ.